ಕತ್ತರಿಸಿದ ಕರುಳು ಕೂಡಿಕೊಳ್ಳುವ ಬಗೆ

ಹರಿದ ಬಟ್ಟೆಯನ್ನು ದರ್ಜಿಯು ಹೊಲಿದುಕೊಟ್ಟ ಕೂಡಲೇ ನಾವು ಅದನ್ನು ತೊಡಬಹುದು. ಅಲ್ಲಿ ಬಟ್ಟೆಯನ್ನು ಹಿಡಿದಿಡುವುದು ದಾರವೇ. ಕರುಳಿನ ಹೊಲಿಗೆ ಹಾಗಲ್ಲ. ಅಲ್ಲಿ ದಾರವು ಕೆಲವು ದಿನಗಳ ಆಸರೆ ಮಾತ್ರ. ನಿಜವಾದ ಬೆಸುಗೆಯನ್ನು ಜೀವಕೋಶಗಳೇ ಹಾಕಬೇಕು. ಆ ಬೆಸುಗೆ ಏಕೆ ತಪ್ಪುವುದೆಂಬುದನ್ನು ಇಲ್ಲಿ ನೋಡೋಣ.

ದೊಡ್ಡ ಕರುಳಿನ ಕೊನೆಯ ಸುಮಾರು 12ರಿಂದ 15 ಸೆಂಟಿಮೀಟರ್ ಭಾಗಕ್ಕೆ ಗುದನಾಳವೆಂದು ಹೆಸರು. ಇಲ್ಲಿ ಕ್ಯಾನ್ಸರ್ ಹುಟ್ಟಿದರೆ ರೋಗದ ಭಾಗವನ್ನು ಕತ್ತರಿಸಿ ತೆಗೆಯುವುದು ಮುಖ್ಯ ಚಿಕಿತ್ಸೆ. 1908ರಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ವಿವರಿಸಿದ ವಿಧಾನದಲ್ಲಿ ಗುದದ್ವಾರವನ್ನೂ ತೆಗೆಯುತ್ತಿದ್ದರು. ರೋಗಿಗೆ ಹೊಟ್ಟೆಯ ಮೇಲಿನ ರಂಧ್ರವೇ ಬಾಳಿನುದ್ದಕ್ಕೂ ಮಲದ್ವಾರವಾಗುತ್ತಿತ್ತು. ರೋಗವು ಮೇಲ್ಭಾಗದಲ್ಲಿದ್ದರೆ ಉಳಿದ ತುದಿಗಳನ್ನು ಮತ್ತೆ ಜೋಡಿಸಬಹುದೆಂಬುದನ್ನು ಅಮೆರಿಕದ ಮೇಯೋ ಕ್ಲಿನಿಕ್ಕಿನ ಕ್ಲಾಡ್ ಡಿಕ್ಸನ್ 1948ರಲ್ಲಿ ಪ್ರಕಟಿಸಿದ ಅನುಭವವು ತೋರಿಸಿತು. ಮುಂದೆ ವೃತ್ತಾಕಾರವಾಗಿ ಲೋಹದ ಪಿನ್ನುಗಳನ್ನು ನೆಡುವ ಸ್ಟೇಪ್ಲರ್ ಬಂದು, ಇನ್ನೂ ಕೆಳಗೆ ಜೋಡಿಸುವುದು ಸುಲಭವಾಯಿತು. ಆದರೆ ಜೋಡಣೆ ಗುದದ್ವಾರಕ್ಕೆ ಸಮೀಪಿಸಿದಷ್ಟೂ ಸೋರುವ ಭಯ ಹೆಚ್ಚು.

ಇದಕ್ಕೆ ಕಾರಣಗಳು ಹಲವು. ಕರುಳಿನ ಮೇಲ್ಭಾಗವನ್ನು ಸುತ್ತಿರುವ ನುಣುಪಾದ ಹೊರಪೊರೆ ಗುದನಾಳದ ಕೆಳಭಾಗಕ್ಕಿಲ್ಲ. ತುದಿಗಳಿಗೆ ರಕ್ತ ಸಾಲದಿದ್ದರೆ ಗಾಯ ಮಾಯದು. ಎಳೆದು ಹೊಲಿದರೆ ಹೊಲಿಗೆ ಬಿರಿಯುವುದು. ಕರುಳಿಗೆ ಬಲ ಕೊಡುವ ಕೊಲಾಜನ್ ಎಂಬ ನಾರು ಮೊದಲ ಕೆಲವು ದಿನ ಹುಟ್ಟುವುದಕ್ಕಿಂತ ಹೆಚ್ಚಾಗಿ ಕರಗುವುದರಿಂದ ಆಗ ಜೋಡಣೆ ತೀರ ದುರ್ಬಲವಾಗಿರುವುದು. ಧೂಮಪಾನ, ಪೋಷಣೆಯ ಕೊರತೆ, ಮೊದಲೇ ಪಡೆದ ವಿಕಿರಣ ಚಿಕಿತ್ಸೆ ಇವೂ ಅಪಾಯವನ್ನು ಹೆಚ್ಚಿಸುತ್ತವೆ.

ಸೋರಿಕೆಯಾದರೆ ಮಲದಲ್ಲಿರುವ ಅಸಂಖ್ಯ ಬ್ಯಾಕ್ಟೀರಿಯಗಳು ಹೊರಬಿದ್ದು ಕೀವು ಕಟ್ಟುವುದು; ವಿಷವು ರಕ್ತಕ್ಕೇರಿದರೆ ಪ್ರಾಣಕ್ಕೇ ಸಂಚಕಾರ. ಜ್ವರ, ನಾಡಿಯ ವೇಗ, ಹೊಟ್ಟೆನೋವು ಇವು ಮುನ್ಸೂಚನೆಗಳು. ಆದುದರಿಂದಲೇ ವೈದ್ಯರು ಅನೇಕ ವೇಳೆ ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತಾತ್ಕಾಲಿಕವಾಗಿ ತೆರೆದು, ಮಲವು ಜೋಡಣೆಯವರೆಗೆ ಬಾರದಂತೆ ಮಾಡುವರು. ಸ್ವೀಡನ್ನಿನಲ್ಲಿ 234 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಂಥ ರಂಧ್ರವಿದ್ದವರಲ್ಲಿ ಶೇಕಡ 10ರಷ್ಟು ಮಂದಿಗೂ ಇಲ್ಲದವರಲ್ಲಿ ಶೇಕಡ 28ರಷ್ಟು ಮಂದಿಗೂ ರೋಗಲಕ್ಷಣ ತೋರುವ ಸೋರಿಕೆಯಾಯಿತು. ಈ ರಕ್ಷಣೆಗೂ ಬೆಲೆಯುಂಟು: ನೀರು, ಉಪ್ಪು ಹೆಚ್ಚಾಗಿ ಹೊರಹೋಗಿ ದೇಹ ಒಣಗಬಹುದು, ರಂಧ್ರವನ್ನು ಮುಚ್ಚಲು ಇನ್ನೊಂದು ಶಸ್ತ್ರಕ್ರಿಯೆ ಬೇಕು.

ಬೆಸುಗೆ ಸರಿಯಾಗಿ ಕೂಡಿದ ಮೇಲೂ ತೊಂದರೆ ಮುಗಿಯುವುದೆಂದಲ್ಲ. ಗುದನಾಳವು ಮಲವನ್ನು ತಡೆದಿಡುವ ಉಗ್ರಾಣ. ಅದು ಹೋದ ಮೇಲೆ ದಿನಕ್ಕೆ ಹಲವು ಸಲ, ತಡೆಯಲಾರದ ಅವಸರದಲ್ಲಿ ಮಲವಿಸರ್ಜನೆಗೆ ಹೋಗಬೇಕಾಗಬಹುದು. ಇದು ಅನೇಕರಲ್ಲಿ ತಿಂಗಳುಗಳು ಕಳೆದಂತೆ ತಗ್ಗುವುದು, ಕೆಲವರಲ್ಲಿ ಉಳಿಯುವುದು. ಆಹಾರದ ಕ್ರಮ, ಔಷಧ, ಸ್ನಾಯುಗಳ ವ್ಯಾಯಾಮ ಇವುಗಳಿಂದ ಪ್ರಯೋಜನವುಂಟು. ಆದರೆ ನಾಚಿಕೆಯಿಂದ ಮುಚ್ಚಿಟ್ಟವನಿಗೆ ಈ ನೆರವು ದೊರೆಯದು. ಕರುಳಿನ ಮಾತನ್ನು ಹೃದಯದ ಮಾತಿನಷ್ಟೇ ನಿಸ್ಸಂಕೋಚವಾಗಿ ವೈದ್ಯರ ಮುಂದೆ ಆಡುವುದನ್ನು ನಾವು ಕಲಿಯಬೇಕು.