ರೊಬೆರ್ಟೊ ಲೈಸೆಕಾ: ಬಾಸ್ಕ್ ನಾಡಿನ ಒಬ್ಬ ಸೈಕಲ್ ಪಟು ಮತ್ತು ಆತನ ಜನಪ್ರಿಯತೆ

ಕ್ರೀಡೆಯ ವೃತ್ತಾಂತವನ್ನು ಇತಿಹಾಸಕಾರರು ಬಹುಕಾಲ ಜಗುಲಿಯ ಮೇಲೆಯೇ ಕುಳ್ಳಿರಿಸಿದ್ದರು. ಒಳಮನೆಗೆ ಕರೆದವರು ವಿರಳ. ಆದರೆ ಹದಿಮೂರು ವರ್ಷಗಳ ವೃತ್ತಿಜೀವನದಲ್ಲಿ ಬೆರಳೆಣಿಕೆಯಷ್ಟೇ ಜಯಗಳನ್ನು ಗಳಿಸಿದ ಒಬ್ಬ ಸೈಕಲ್ ಪಟುವನ್ನು ಒಂದು ಜನಾಂಗವು ತನ್ನವನೆಂದು ಎದೆಗಪ್ಪಿಕೊಂಡುದು ಏತಕ್ಕೆಂಬ ಪ್ರಶ್ನೆಗೆ ಪಂದ್ಯಗಳ ಅಂಕಿಅಂಶಗಳಲ್ಲಿ ಉತ್ತರ ದೊರೆಯದು.

ರೊಬೆರ್ಟೊ ಲೈಸೆಕಾ 1969ರಲ್ಲಿ ಗೆರ್ನಿಕಾ ಪಟ್ಟಣದಲ್ಲಿ ಜನಿಸಿದನು. 1937ರ ಏಪ್ರಿಲ್ 26ರಂದು ಜರ್ಮನ್ ಮತ್ತು ಇಟಾಲಿಯನ್ ವಿಮಾನಗಳ ಬಾಂಬುಗಳಿಗೆ ತುತ್ತಾದ ಊರು ಅದು. ಆತನ ಬಾಲ್ಯವು ಫ್ರಾಂಕೋ ಆಡಳಿತದ ಕೊನೆಯ ವರ್ಷಗಳಲ್ಲಿ ಕಳೆಯಿತು. ಬಾಸ್ಕ್ ಧ್ವಜವನ್ನು ಹಾರಿಸುವುದು 1977ರವರೆಗೆ ನಿಷಿದ್ಧವಾಗಿತ್ತು.

ಬಾಸ್ಕರಿಗೆ ಸೈಕಲ್ಲಿನ ಮೇಲಿರುವ ಒಲವು ಇದಕ್ಕಿಂತ ಹಳೆಯದು. ಐಬಾರ್ ಪಟ್ಟಣದಲ್ಲಿ ಬಂದೂಕುಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಗಳು ಮೊದಲನೆಯ ಮಹಾಯುದ್ಧದ ನಂತರ ಬೇಡಿಕೆ ಕುಸಿಯಲು ಸೈಕಲ್ ತಯಾರಿಕೆಗೆ ತಿರುಗಿದವು. ಬಂದೂಕಿನ ನಳಿಗೆ ಮಾಡಬಲ್ಲ ಕೈಗೆ ಸೈಕಲ್ಲಿನ ಕೊಳವೆ ಅಪರಿಚಿತವಲ್ಲವಷ್ಟೆ. 1840ರಲ್ಲಿ ಸ್ಥಾಪಿತವಾದ ಓರ್ಬೆಯಾ ಸಂಸ್ಥೆಯ ಚರಿತ್ರೆ ಇದಕ್ಕೆ ನಿದರ್ಶನ. ಕಡಿದಾದ ಗುಡ್ಡಗಳ ಆ ನಾಡಿನಲ್ಲಿ ಸಹಜವಾಗಿಯೇ ಏರುದಾರಿಯ ಸವಾರರು ಬೆಳೆದರು.

ಲೈಸೆಕಾನ ಜನಪ್ರಿಯತೆಯ ನಿಜವಾದ ಮೂಲವನ್ನು ಮಾತ್ರ ಆತನ ತಂಡದ ರಚನೆಯಲ್ಲಿ ಹುಡುಕಬೇಕು. 1994ರಲ್ಲಿ ಕಣಕ್ಕಿಳಿದ ಎವುಸ್ಕಾದಿ ತಂಡವನ್ನು ನಡೆಸುತ್ತಿದ್ದುದು ಜನರ ವಂತಿಗೆಯನ್ನು ಆಧರಿಸಿದ ಒಂದು ಪ್ರತಿಷ್ಠಾನ. ಸವಾರರು ಬಾಸ್ಕ್ ನಾಡಿನವರು, ಇಲ್ಲವೆ ಅಲ್ಲಿಯೇ ಪಳಗಿದವರು. ಎವುಸ್ಕಾಲ್ಟೆಲ್ ಎಂಬ ದೂರವಾಣಿ ಸಂಸ್ಥೆಯು ಮುಂದೆ ಪೋಷಕನಾಗಿ ಬಂದು ಕಿತ್ತಳೆ ಬಣ್ಣದ ಅಂಗಿಯನ್ನು ತಂದಿತು. ಧ್ವಜದ ಕೆಂಪು, ಹಸಿರು, ಬಿಳಿಗಳೊಡನೆ ಸಂಬಂಧವಿಲ್ಲದ ಈ ವ್ಯಾಪಾರದ ಬಣ್ಣವನ್ನೇ ಜನರು ತಮ್ಮದಾಗಿಸಿಕೊಂಡುದು ವಿಚಾರಾರ್ಹ. ಇದನ್ನು ರಾಷ್ಟ್ರಭಾವನೆಯೆಂದಷ್ಟೇ ಹೇಳಿ ಮುಗಿಸುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ಅರ್ಧಸತ್ಯ. ವಂತಿಗೆ ಕೊಟ್ಟವನಿಗೆ ಸವಾರನು ವೀರನಾಗುವ ಮೊದಲು ನೆರೆಮನೆಯ ಹುಡುಗನಾಗಿದ್ದನು. ಲೈಸೆಕಾ 1994ರಿಂದ 2006ರವರೆಗೆ ಈ ಒಂದೇ ತಂಡದಲ್ಲಿ ಉಳಿದನು.

1999 ಮತ್ತು 2000ರಲ್ಲಿ ಸ್ಪೇನಿನ ವುಯೆಲ್ಟಾ ಸ್ಪರ್ಧೆಯಲ್ಲಿ ಒಂದೊಂದು ಹಂತವನ್ನು ಗೆದ್ದ ಆತನ ಶಿಖರದ ದಿನ 2001ರ ಜುಲೈ 22. ತಂಡವು ಟೂರ್ ದ ಫ್ರಾನ್ಸ್ ಸ್ಪರ್ಧೆಗೆ ಪ್ರವೇಶ ಪಡೆದುದು ಅದೇ ವರ್ಷ ಮೊದಲು. ಪಿರನೀಸ್ ಪರ್ವತಗಳಲ್ಲಿ ತಾರ್ಬ್ ಪಟ್ಟಣದಿಂದ ಹೊರಟ ಹದಿನಾಲ್ಕನೆಯ ಹಂತವು ತುರ್ಮಾಲೆ ಕಣಿವೆಮಾರ್ಗವನ್ನು ದಾಟಿ ಲುಜ್ ಆರ್ಡಿಡೆನ್ ನೆತ್ತಿಯಲ್ಲಿ ಮುಗಿಯುವುದಿತ್ತು. ಗಡಿಯಾಚೆಯಿಂದ ಬಂದ ಬಾಸ್ಕರು ಕಿತ್ತಳೆ ಅಂಗಿ ತೊಟ್ಟು ಏರುದಾರಿಯ ಇಕ್ಕೆಲಗಳಲ್ಲಿ ಕಿಕ್ಕಿರಿದಿದ್ದರು. ಕೊನೆಯ ಏರಿನಲ್ಲಿ ಲೈಸೆಕಾ ಎಲ್ಲರನ್ನೂ ಹಿಂದಿಕ್ಕಿ ಒಬ್ಬನೇ ಗುರಿ ಮುಟ್ಟಿದನು. ಟೂರ್‌ನಲ್ಲಿ ಆ ತಂಡದ ಮೊದಲ ಜಯವದು. ಆ ವರ್ಷ ಒಟ್ಟಾರೆ ಗೆದ್ದ ಆರ್ಮ್‌ಸ್ಟ್ರಾಂಗನ ಪ್ರಶಸ್ತಿ ಮದ್ದುಸೇವನೆಯ ಕಾರಣದಿಂದ 2012ರಲ್ಲಿ ರದ್ದಾಯಿತು. ಲೈಸೆಕಾನ ಹಂತಜಯವು ದಾಖಲೆಯಲ್ಲಿ ಹಾಗೆಯೇ ನಿಂತಿದೆ.

ತನ್ನ 36ನೆಯ ವಯಸ್ಸಿನಲ್ಲಿ, 2005ರ ವುಯೆಲ್ಟಾದ ಸೆರ್ಲೆರ್ ಏರಿನಲ್ಲಿ, ಆತನು ಮತ್ತೊಮ್ಮೆ ಗೆದ್ದು ಮರುವರ್ಷ ನಿವೃತ್ತನಾದನು. ಹಣದ ಅಭಾವದಿಂದ ಆ ತಂಡವೂ 2013ರಲ್ಲಿ ವಿಸರ್ಜಿತವಾಯಿತು. ಹತ್ತು ವರ್ಷಗಳ ತರುವಾಯ, 2023ರ ಜುಲೈ 1ರಂದು, ಟೂರ್ ಸ್ಪರ್ಧೆಯು ಬಿಲ್ಬಾವೋ ನಗರದಿಂದ ಆರಂಭವಾದಾಗ ಅದರ ಮೊದಲ ಹಂತವು ಗೆರ್ನಿಕಾ ಪಟ್ಟಣದ ಮೂಲಕವೇ ಹಾದುಹೋಯಿತು.