ಮೊದಲ ಎಲೆಕ್ಟ್ರಿಕ್ ಗಿಟಾರ್: ಕೊಳ್ಳುವುದು ಅರ್ಧ, ಹದಗೊಳಿಸುವುದು ಇನ್ನರ್ಧ



ಹತ್ತನೇ ತರಗತಿಯ ಪರೀಕ್ಷೆ ಮುಗಿಯುತ್ತಿದ್ದಂತೆ ಅನೇಕ ಮನೆಗಳಲ್ಲಿ ಒಂದು ಬೇಡಿಕೆ ಏಳುತ್ತದೆ: "ನನಗೊಂದು ಎಲೆಕ್ಟ್ರಿಕ್ ಗಿಟಾರ್ ಕೊಡಿಸಿ." ತಂದೆತಾಯಿಯರು ಕೂಡಿಟ್ಟ ಹಣದಲ್ಲಿ ಕೊಡಿಸುತ್ತಾರೆ. ಕೆಲವು ತಿಂಗಳುಗಳಲ್ಲಿ ಅದು ಬೀರುವಿನ ಮೇಲೆ ಧೂಳು ತಿನ್ನತೊಡಗುತ್ತದೆ. "ಮಗುವಿಗೆ ಸಂಗೀತ ಒಲಿಯಲಿಲ್ಲ" ಎಂದು ಮನೆಯವರು ಹೇಳುತ್ತಾರೆ. ಮಗುವೂ ಅದನ್ನೇ ನಂಬುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನಮ್ಮಲ್ಲಿದೆ. ಆದರೆ ಗಿಟಾರಿನ ವಿಷಯದಲ್ಲಿ ಎಷ್ಟೋ ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ! ಅದನ್ನು ನೆಟ್ಟಗಾಗಿಸುವುದು ಹೇಗೆ ಎಂದು ನೋಡೋಣ.

ಮೊದಲನೆಯದಾಗಿ, ಯಾವ ಗಿಟಾರ್? ಕುತ್ತಿಗೆಯ ಎರಡೂ ಬದಿಗೆ ಕೊಂಬಿನಂತೆ ಚಾಚಿಕೊಂಡ ಗಿಟಾರನ್ನು ನೀವು ನೋಡಿರುತ್ತೀರಿ. ಇದಕ್ಕೆ ಡಬಲ್ ಕಟ್‌ಅವೇ ಎಂದು ಹೆಸರು. ಎರಡೂ ಕಡೆ ಮರವನ್ನು ಕತ್ತರಿಸಿರುವುದರಿಂದ ಕೈ ಕೊನೆಯ ಮೆಟ್ಟುಗಳವರೆಗೂ ಸರಾಗವಾಗಿ ತಲುಪುತ್ತದೆ. ಈ ಆಕಾರವನ್ನು ಲೋಕಪ್ರಸಿದ್ಧಗೊಳಿಸಿದ್ದು 1954ರಲ್ಲಿ ಹೊರಬಂದ ಸ್ಟ್ರಾಟೋಕಾಸ್ಟರ್. ಅದರ ಹಿಂದಿದ್ದ ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್ ಪಟ್ಟಣದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ವಾದಕರ ದೂರುಗಳನ್ನು ತಾಳ್ಮೆಯಿಂದ ಕೇಳಿ ಸರಿಪಡಿಸುವುದು ಮಾತ್ರ ಅವರಿಗೆ ತಿಳಿದಿತ್ತು. ಕೇಳುವ ಕಿವಿಯಿಂದ ಎಂಥ ಕೆಲಸವಾಗುತ್ತದೆ, ನೋಡಿ.

ಕಡಿಮೆ ಬೆಲೆಯಲ್ಲಿ ಇದೇ ಮಾದರಿ ಬೇಕೆಂದರೆ ಎರಡು ಹೆಸರುಗಳು ನಂಬಿಕೆಗೆ ಅರ್ಹ. ಒಂದು ಸ್ಕ್ವಯರ್. ಇದು ಮೂಲತಃ ತಂತಿ ತಯಾರಿಸುತ್ತಿದ್ದ ಕಂಪನಿ. 1965ರಲ್ಲಿ ಫೆಂಡರ್ ಕೊಂಡುಕೊಂಡು, 1982ರಿಂದ ಆ ಹೆಸರಿನಲ್ಲಿ ಅಗ್ಗದ ಗಿಟಾರ್‌ಗಳನ್ನು ತಂದಿತು. ಇನ್ನೊಂದು 1990ರಲ್ಲಿ ಆರಂಭವಾದ ಯಮಹಾ ಪೆಸಿಫಿಕಾ. ಆದರೆ ಇರುವ ಹಣವನ್ನೆಲ್ಲ ಗಿಟಾರಿಗೇ ಸುರಿಯಬೇಡಿ. ಚಿಕ್ಕ ಆಂಪ್ಲಿಫೈಯರ್, ಕೇಬಲ್, ಹೆಗಲಪಟ್ಟಿ, ಟ್ಯೂನರ್, ಒಂದು ಜೊತೆ ಹೆಚ್ಚುವರಿ ತಂತಿ ಇವಿಷ್ಟಕ್ಕೂ ಪಾಲು ತೆಗೆದಿಡಿ.

ಅಂಗಡಿಯಲ್ಲಿ ಬಣ್ಣಕ್ಕೆ ಮರುಳಾಗದೆ ನಾಲ್ಕು ವಿಷಯ ನೋಡಿ. ಕುತ್ತಿಗೆ ತಿರುಚಿಕೊಂಡಿದೆಯೇ? ಅಂಚಿನಲ್ಲಿ ಬೆರಳು ಸವರಿದಾಗ ಮೆಟ್ಟುಗಳ ತುದಿ ಚುಚ್ಚುತ್ತದೆಯೇ? ಪ್ರತಿ ತಂತಿಯನ್ನು ಪ್ರತಿ ಮೆಟ್ಟಿನಲ್ಲಿ ಒತ್ತಿ ಮೀಟಿದಾಗ ಎಲ್ಲಾದರೂ ಸ್ವರ ಸತ್ತುಹೋಗುತ್ತದೆಯೇ? ಗುಂಡಿಗಳನ್ನು ತಿರುಗಿಸಿದಾಗ ಕರಕರ ಸದ್ದು ಬರುತ್ತದೆಯೇ? ತಿರುಚಿದ ಕುತ್ತಿಗೆಯ ಗಿಟಾರನ್ನು ಪುಕ್ಕಟೆ ಕೊಟ್ಟರೂ ತರಬೇಡಿ.

ಎರಡನೆಯದಾಗಿ, ಹದಗೊಳಿಸುವುದು. ಇದಕ್ಕೊಂದು ಕ್ರಮವಿದೆ. ಪ್ರತಿಯೊಂದು ಹೆಜ್ಜೆಯೂ ಮುಂದಿನದನ್ನು ಬದಲಾಯಿಸುವುದರಿಂದ ಕ್ರಮ ತಪ್ಪಬಾರದು. ಮೊದಲು ಹೊಸ ತಂತಿ ಹಾಕಿ ದಪ್ಪ ತಂತಿಯಿಂದ ಇ, ಎ, ಡಿ, ಜಿ, ಬಿ, ಇ ಎಂದು ಶ್ರುತಿ ಮಾಡಿ. ತೆಳುವಾದ ತಂತಿಗಳೇ ಆದರೂ ಆರೂ ಸೇರಿ ಕುತ್ತಿಗೆಯನ್ನು ಸುಮಾರು 38 ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತವೆ. ಈ ಎಳೆತವನ್ನು ತಡೆಯಲು ಕುತ್ತಿಗೆಯೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿದೆ. ದಪ್ಪ ತಂತಿಯನ್ನು ಮೊದಲ ಮೆಟ್ಟಿನಲ್ಲೂ ಕೊನೆಯ ಮೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಎಂಟನೇ ಮೆಟ್ಟಿನ ಬಳಿ ಸುಮಾರು 0.25 ಮಿ.ಮೀ., ಅಂದರೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು, ಸಂದು ಉಳಿಯಬೇಕು. ಹೆಚ್ಚಿದ್ದರೆ ಸರಳನ್ನು ಬಿಗಿಗೊಳಿಸಿ, ಸಂದೇ ಇಲ್ಲದಿದ್ದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಪ್ರತಿ ಸಲವೂ ಮತ್ತೆ ಶ್ರುತಿ ಮಾಡಿ ನೋಡಿ. ಗಟ್ಟಿಯಾಗಿ ತಡೆದರೆ ಬಲಪ್ರಯೋಗ ಮಾಡದೆ ಬಲ್ಲವರ ಬಳಿ ಒಯ್ಯಿರಿ.

ಅನಂತರ ತಂತಿಯ ಎತ್ತರ. ಹೊಸಬರ ಬೆರಳು ನೋಯುವುದು ಹೆಚ್ಚಾಗಿ ಇದರಿಂದಲೇ. ಹನ್ನೆರಡನೇ ಮೆಟ್ಟಿನ ಮೇಲೆ ತಂತಿ 1.6ರಿಂದ 2 ಮಿ.ಮೀ. ಎತ್ತರದಲ್ಲಿರಲಿ. ಬ್ರಿಡ್ಜ್‌ನಲ್ಲಿ ಪ್ರತಿ ತಂತಿಗೂ ಒಂದೊಂದು ಪುಟ್ಟ ಆಸನವಿದೆ. ಅದರ ಎರಡು ಸಣ್ಣ ಸ್ಕ್ರೂಗಳನ್ನು ಅಲೆನ್ ಕೀಯಿಂದ ತಿರುಗಿಸಿದರೆ ತಂತಿ ಏರುತ್ತದೆ, ಇಳಿಯುತ್ತದೆ. ತೀರಾ ಇಳಿಸಿದರೆ ತಂತಿ ಮೆಟ್ಟಿಗೆ ತಾಗಿ ಜೀರುಗುಟ್ಟುತ್ತದೆ.

ಕೊನೆಗೆ ಸ್ವರಶುದ್ಧಿ. ಹನ್ನೆರಡನೇ ಮೆಟ್ಟಿನ ನೇರಕ್ಕೆ ತಂತಿಯನ್ನು ಒತ್ತದೆ, ಬರಿದೇ ಮುಟ್ಟಿ ಮೀಟಿದರೆ ಗಂಟೆಯಂಥ ನಾದ ಬರುತ್ತದೆ. ಅದೇ ಮೆಟ್ಟಿನಲ್ಲಿ ಒತ್ತಿ ಮೀಟಿದಾಗಲೂ ಟ್ಯೂನರ್ ಅದೇ ಸ್ವರ ತೋರಿಸಬೇಕು. ಒತ್ತಿದ ಸ್ವರ ಏರಿದ್ದರೆ ಆಸನವನ್ನು ಕುತ್ತಿಗೆಯಿಂದ ಹಿಂದಕ್ಕೆ ಸರಿಸಿ; ಇಳಿದಿದ್ದರೆ ಕುತ್ತಿಗೆಯ ಕಡೆಗೆ ಸರಿಸಿ. ಶ್ರುತಿ ಮಾಡಿದ ಗಿಟಾರೂ ಮೇಲಿನ ಮೆಟ್ಟುಗಳಲ್ಲಿ ಅಪಸ್ವರ ನುಡಿಯುವುದಕ್ಕೆ ಇದೊಂದು ಮುಖ್ಯ ಕಾರಣ.

ಇಷ್ಟೆಲ್ಲ ಒಮ್ಮೆ ಮಾಡಿದರೆ ಸಾಕೆ? ಸಾಲದು. ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಆದ್ದರಿಂದ ಮಳೆಗಾಲದ ಆರಂಭದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಪರೀಕ್ಷಿಸಿ. ನುಡಿಸಿದ ಬಳಿಕ ಒಣಬಟ್ಟೆಯಿಂದ ತಂತಿ ಒರೆಸಿ. ಕರಾವಳಿಯಲ್ಲಿ ಇದನ್ನು ಮರೆತರೆ ತುಕ್ಕು ಬೇಗ ಹಿಡಿಯುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ವಿದ್ಯುತ್ ಸುರಕ್ಷತೆ. ಈ ಗಿಟಾರಿನ ತಂತಿಗಳು ಸಾಮಾನ್ಯವಾಗಿ ಕೇಬಲ್ಲಿನ ಮೂಲಕ ಆಂಪ್ಲಿಫೈಯರಿನ ಅರ್ತ್‌ಗೆ ಜೋಡಣೆಯಾಗಿರುತ್ತವೆ. ಅರ್ತ್ ಸರಿಯಿಲ್ಲದಿದ್ದರೆ, ಒಂದು ಕೈ ತಂತಿಯ ಮೇಲಿರುವಾಗ ಮೈಕನ್ನು ಮುಟ್ಟುವುದೇ ಪ್ರಾಣಕ್ಕೆ ಎರವಾಗಬಹುದು. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸಿ ನಗರದಲ್ಲಿ ಲೆಸ್ಲಿ ಹಾರ್ವಿ ಎಂಬ ಗಿಟಾರ್ ವಾದಕ ಅರ್ತ್ ಇಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಮೃತಪಟ್ಟರು. ಹಬ್ಬದ ದಿನ ಚಪ್ಪರದಲ್ಲಿ ಹೇಗೋ ವೈರು ಎಳೆದು, ಮೂರು ಪಿನ್ನಿನ ಪ್ಲಗ್ಗಿನಲ್ಲಿ ಒಂದು ಪಿನ್ ಕಿತ್ತು ಸಿಕ್ಕಿಸುವ ನಮ್ಮ ಗಾನವೃಂದದ ಯುವಕರು ಇದನ್ನು ಗಮನಿಸಬೇಕು. ನುಡಿಸುವ ಮುನ್ನ ಬಲ್ಲ ಎಲೆಕ್ಟ್ರಿಷಿಯನ್ ಒಬ್ಬರಿಂದ ಅರ್ತ್ ಪರೀಕ್ಷಿಸಿ. ಒದ್ದೆ ನೆಲದಲ್ಲಿ ನಿಂತು ನುಡಿಸಲೇಬೇಡಿ.

ಹೆತ್ತವರೇ, ಮಗು ಗಿಟಾರನ್ನು ಕೆಳಗಿಟ್ಟಾಗ ಗದರಿಸುವ ಮುನ್ನ ತಂತಿಯ ಎತ್ತರವನ್ನೊಮ್ಮೆ ಅಳೆದು ನೋಡಿ. ಒಂದು ಸಂಜೆಯ ಕೆಲಸ, ಒಂದು ಅಲೆನ್ ಕೀ, ಸ್ವಲ್ಪ ತಾಳ್ಮೆ. ಇಷ್ಟರಿಂದಲೇ "ನನಗೆ ಬರುವುದಿಲ್ಲ" ಎಂದ ಮಗು "ಇನ್ನೊಮ್ಮೆ ನುಡಿಸುತ್ತೇನೆ" ಎನ್ನಬಹುದು.