‘ಮುಂದೆ ನೀನೇ ನೋಡ್ಕೋ’ ಅಂದ್ರೆ ಸಾಕಾ?

ನಾಚಾರಂನ ನಮ್ಮ ಮನೆಯಲ್ಲಿ ಅಪ್ಪ, ಅಮ್ಮ, ನಾನು, ಮತ್ತೆ ಬೌದ್ಧಿಕ ಅಂಗವಿಕಲತೆ ಇರೋ ನನ್ನ ತಮ್ಮ. “ಮುಂದೆ ನೀನೇ ನೋಡ್ಕೋಬೇಕಪ್ಪ” ಅಂತಾರೆ ಅಮ್ಮ. ಆದ್ರೆ 18 ತುಂಬಿದ ಮೇಲೆ ಹೆತ್ತವರೇ ತಾನಾಗಿ ಕಾನೂನಿನ ಪಾಲಕರಲ್ಲ, ಅಣ್ಣ ಹೇಗಾಗ್ತಾನೆ? 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ, ಕಲೆಕ್ಟರ್ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ ಇದ್ದವರಿಗೂ ಇದೇ ದಾರಿ. ಅಪ್ಪ-ಅಮ್ಮ ಗಟ್ಟಿಯಾಗಿರುವಾಗಲೇ ಹಾಕಿದ್ರೆ, ಪಾಲಕ ಯಾರಾಗಬೇಕು ಅಂತ ಅವರೇ ಸೂಚಿಸಬಹುದು.

ಕಾಗದ ಸುಲಭದ ಭಾಗ. ಫಿಟ್ಸ್ ಮಾತ್ರೆ ಯಾವಾಗ, ಕುಕ್ಕರ್ ಕೂಗಿದ್ರೆ ಯಾಕೆ ಕಿವಿ ಮುಚ್ಚಿಕೊಳ್ತಾನೆ, ಇದೆಲ್ಲ ಅಮ್ಮನ ತಲೆಯಲ್ಲಷ್ಟೇ ಇದೆ. ಆಫೀಸಿನಲ್ಲಿ ಕೆಲಸ ಬಿಡೋರ ಹತ್ರ ಕೆಟಿ ತಗೊಳ್ತೀವಲ್ಲ, ಅದೇ ಇಲ್ಲೂ ಬೇಕು. ತಿಂಗಳಿಗೊಂದು ಭಾನುವಾರ ಅಮ್ಮ ಚಿಕ್ಕಮ್ಮನ ಮನೆಗೆ ಹೋಗ್ತಾರೆ, ಅವತ್ತು ನಾವಿಬ್ಬರೇ.

ಇನ್ನೊಂದು: ನನಗೆ ಆನ್‌ಸೈಟ್ ಬಂದ್ರೆ? ಅದನ್ನೂ ಬಾಯಿಬಿಟ್ಟು ಕೇಳಿದೆ. ಅಮ್ಮ ಸುಮ್ಮನಾದ್ರು. ಅಪ್ಪ ಮಾತ್ರ, “ಹಂಗಾದ್ರೆ ಎರಡನೇ ಹೆಸರೂ ಯೋಚಿಸೋಣ” ಅಂದ್ರು.